ಪೈಪ್ ಹಾಕುವ ಮುನ್ನ ಗಲ್ಲಿಯ ನಾಡಿ ನೋಡಲಿ

ಮಳೆಗಾಲ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಹಳೆ ಪೇಟೆಯ ಯಾವ ದವಾಖಾನೆಗೆ ಹೋದರೂ ಒಂದೇ ಬಗೆಯ ರೋಗಿಗಳು ಕಾಣಸಿಗುತ್ತಾರೆ. ವಾಂತಿಭೇದಿಯಿಂದ ಬಾಡಿದ ಮಕ್ಕಳು, ಹತ್ತು ದಿನವಾದರೂ ಜ್ವರ ಇಳಿಯದ ಯುವಕರು, ಕಣ್ಣು ಹಳದಿಯಾದ ಹೆಂಗಸರು. ಔಷಧಿ ಕೊಡುತ್ತೇವೆ. ಅಲ್ಲಾಹನ ಅನುಗ್ರಹದಿಂದ ಹೆಚ್ಚಿನವರು ಗುಣವಾಗುತ್ತಾರೆ. ಮುಂದಿನ ವರ್ಷ ಅದೇ ಗಲ್ಲಿಯಿಂದ, ಕೆಲವೊಮ್ಮೆ ಅದೇ ಮನೆಯಿಂದ ಮತ್ತೆ ಬರುತ್ತಾರೆ. ಗಲ್ಲಿಯೇ ಕಾಯಿಲೆ ಬಿದ್ದಿರುವಾಗ ಮನೆಯವರಿಗೆ ಮಾತ್ರ ಔಷಧಿ ಕೊಟ್ಟರೆ ಆಗುವುದು ಇಷ್ಟೇ.

ಈಗ ರಾಜ್ಯದ ಹಲವು ನಗರಗಳಲ್ಲಿ ಹಳೆಯ ನೀರಿನ ಕೊಳವೆಗಳನ್ನು ತೆಗೆದು ಹೊಸದನ್ನು ಹಾಕುವ ಕೆಲಸ ನಡೆಯುತ್ತಿದೆ. ಹೊಸ ಪೈಪ್ ಬರುತ್ತದೆ ಎಂದರೆ ಎಲ್ಲರಿಗೂ ಸಂತೋಷವೇ. ಆದರೆ ಪೈಪ್ ಬರುವ ಮೊದಲು ಇನ್ನೊಂದು ಕೆಲಸ ನಡೆಯಬೇಕು. ಆಳ ಅಗೆದು ನೋಡುವುದು, ಮಣ್ಣು ಪರೀಕ್ಷಿಸುವುದು, ಹಳೆಯ ಪೈಪ್ ಎಲ್ಲಿದೆ, ಗಟಾರ ಎಲ್ಲಿದೆ, ಒಳಚರಂಡಿ ಎಲ್ಲಿದೆ ಎಂದು ಗುರುತಿಸುವುದು, ಮನೆಮನೆಗೆ ಬಂದು ವಿಚಾರಿಸುವುದು. ಎಂಜಿನಿಯರುಗಳು ಇದನ್ನು ಸ್ಥಳ ಪರೀಕ್ಷೆ ಎನ್ನುತ್ತಾರೆ. ಇದು ಸರಿಯಾಗಿ ನಡೆಯದಿದ್ದರೆ ಹೊಸ ಪೈಪಿನಲ್ಲೂ ಹಳೆಯ ರೋಗವೇ ಹರಿದು ಬರುತ್ತದೆ. ಆದ್ದರಿಂದ ನಾನು ಹೇಳಬೇಕಾದ ಮಾತು ಒಂದೇ. ಈ ಪರೀಕ್ಷೆ ನಮ್ಮ ಗಲ್ಲಿಗಳ ಒಳಗೂ ಬರಬೇಕೆಂದು ನಾವು ಹಟ ಹಿಡಿಯಬೇಕು. ಬಂದಾಗ ಬಾಗಿಲು ಮುಚ್ಚಬಾರದು.

ನೀರು ಕೆಡುವುದು ದಾರಿಯಲ್ಲಿ

ನಲ್ಲಿಯಲ್ಲಿ ಕೊಳಕು ನೀರು ಬಂದರೆ ನಾವು ಕೆರೆಯನ್ನೋ ಶುದ್ಧೀಕರಣ ಘಟಕವನ್ನೋ ದೂರುತ್ತೇವೆ. ಕೆಲವೊಮ್ಮೆ ತಪ್ಪು ಅಲ್ಲೂ ಇರುತ್ತದೆ. ಆದರೆ ಅಲ್ಲಿಂದ ಶುದ್ಧವಾಗಿ ಹೊರಟ ನೀರು ದಾರಿಯಲ್ಲಿ ಕೆಡುವುದು ಬಹಳ. ಹೇಗೆ ಎಂಬುದನ್ನು ಮನೆಯ ಹಿರಿಯರೂ ಮಕ್ಕಳೂ ತಿಳಿದಿರಬೇಕು.

ನಮ್ಮ ಹೆಚ್ಚಿನ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಿಡುತ್ತಾರೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ. ಆಗ ಸಣ್ಣ ಬಿರುಕಿದ್ದರೂ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನದು ಒಳಗೆ ಬರುವುದಿಲ್ಲ. ನೀರು ನಿಲ್ಲಿಸಿದ ಮೇಲೆ ಪೈಪ್ ಖಾಲಿಯಾಗುತ್ತದೆ. ಸುತ್ತಲಿನ ಮಣ್ಣಿನಲ್ಲಿ ಗಟಾರದ ತೇವ ಇದ್ದರೆ ಅದೇ ಬಿರುಕಿನಿಂದ ಒಳಗೆ ಇಳಿಯುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಆ ಕೊಳಕನ್ನು ತಳ್ಳಿಕೊಂಡು ಮೊದಲ ನೀರು ನಿಮ್ಮ ಬಿಂದಿಗೆಗೆ ಬರುತ್ತದೆ. ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುವವರು ಈ ಹೀರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ತಮ್ಮ ಟ್ಯಾಂಕ್ ತುಂಬಿಸಿಕೊಳ್ಳುವ ಭರದಲ್ಲಿ ಇಡೀ ಗಲ್ಲಿಯ ಪೈಪಿಗೆ ಗಟಾರದ ನೀರನ್ನು ಎಳೆದು ತರುತ್ತಾರೆ.

ಬಿರುಕು ಬೀಳುವುದು ಎಲ್ಲಿ? ಮುಖ್ಯ ರಸ್ತೆಯ ದೊಡ್ಡ ಪೈಪಿಗಿಂತ ಹೆಚ್ಚಾಗಿ, ಅದರಿಂದ ಮನೆಗೆ ಬರುವ ಜಿಐ ಪೈಪುಗಳಲ್ಲಿ, ಜೋಡಣೆಗಳಲ್ಲಿ. ಈ ಪೈಪುಗಳು ಎಷ್ಟೋ ಕಡೆ ಗಟಾರದ ಪಕ್ಕದಲ್ಲಲ್ಲ, ಗಟಾರದ ಒಳಗೇ ಹಾದು ಬಂದಿರುತ್ತವೆ. ನಿಮ್ಮ ಮನೆಯ ಮುಂದಿನ ಗಟಾರದ ಕಲ್ಲನ್ನು ಒಮ್ಮೆ ಎತ್ತಿ ನೋಡಿ. ತುಕ್ಕು ಹಿಡಿದ ಪೈಪುಗಳ ಗೊಂಚಲು ಕಂಡರೆ, ನೀವು ಕುಡಿಯುತ್ತಿರುವುದು ಆ ಪೈಪಿನ ನೀರನ್ನೇ.

ಹಕೀಮರು ಹೇಳಿದ್ದೂ ಇದನ್ನೇ

ಯುನಾನಿ ವೈದ್ಯದಲ್ಲಿ ಮನುಷ್ಯನ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಾರೆ. ಅಸ್ಬಾಬೆ ಸಿತ್ತಾ ಝರೂರಿಯ್ಯ ಎಂದು ಅದಕ್ಕೆ ಹೆಸರು. ಮೊದಲನೆಯದು ಗಾಳಿ, ಎರಡನೆಯದು ತಿನ್ನುವ ಮತ್ತು ಕುಡಿಯುವ ವಸ್ತುಗಳು. ಔಷಧಿಯ ಮಾತು ಬರುವುದು ಇವುಗಳನ್ನು ಸರಿಪಡಿಸಿದ ಮೇಲೆಯೇ.

ಸಾವಿರ ವರ್ಷಗಳ ಹಿಂದೆ ಬಾಳಿದ ಇಬ್ನು ಸೀನಾ (980-1037) ತಮ್ಮ 'ಅಲ್ ಖಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ನೀರಿನ ಬಗ್ಗೆ ಬರೆಯುವಾಗ ಅದು ಎಲ್ಲಿ ಹುಟ್ಟಿತು ಎಂಬುದರ ಜೊತೆಗೆ ಯಾವ ನೆಲದ ಮೇಲೆ, ಯಾವ ದಾರಿಯಲ್ಲಿ ಹರಿದು ಬಂತು ಎಂಬುದನ್ನೂ ನೋಡುತ್ತಾರೆ. ಸೀಸದ ಕೊಳವೆಯಲ್ಲಿ ಹರಿದ ನೀರು ಸೀಸದ ಗುಣವನ್ನು ಪಡೆದುಕೊಂಡು ಕರುಳಿನ ಹುಣ್ಣಿಗೆ ಕಾರಣವಾಗುತ್ತದೆ ಎಂದು ಎಚ್ಚರಿಸುತ್ತಾರೆ. ಕೆಟ್ಟ ನೀರನ್ನು ಕುದಿಸಿ, ಸೋಸಿ ಸುಧಾರಿಸುವ ದಾರಿಯನ್ನೂ ತಿಳಿಸುತ್ತಾರೆ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲೇ ಕೊಳವೆಯ ಮೇಲೆ ಅವರ ಕಣ್ಣಿತ್ತು.

ನಮ್ಮ ನಾಡಿನಲ್ಲೂ ಈ ತಿಳಿವಳಿಕೆ ಇತ್ತು. ಆದಿಲ್‌ಶಾಹಿಗಳ ಬಿಜಾಪುರಕ್ಕೆ ತೊರವಿಯಿಂದ, ಬೇಗಂ ತಲಾಬಿನಿಂದ ನೀರು ಬರುತ್ತಿತ್ತು. ಮಣ್ಣಿನ ಕೊಳವೆಗಳಲ್ಲಿ ಹರಿಯುವ ಆ ನೀರಿನ ದಾರಿಯಲ್ಲಿ ಅಲ್ಲಲ್ಲಿ 'ಗಂಜ್' ಎಂಬ ಗೋಪುರಗಳನ್ನು ಕಟ್ಟಿದ್ದರು. ನೀರಿನ ಒತ್ತಡ ತಗ್ಗಿ ಕೊಳವೆ ಒಡೆಯದಿರಲು, ಕೆಸರು ತಳಕ್ಕೆ ಇಳಿಯಲು ಅವು ಬೇಕಿದ್ದವು. ಅಂತಹ ಕೆಲವು ಗೋಪುರಗಳನ್ನು ವಿಜಯಪುರದಲ್ಲಿ ಇಂದಿಗೂ ನೋಡಬಹುದು. ನೆಲದ ಏರುತಗ್ಗು ಅಳೆಯದೆ, ಮಣ್ಣು ನೋಡದೆ ಅಂತಹ ವ್ಯವಸ್ಥೆ ಆಗುತ್ತಿರಲಿಲ್ಲ.

ಹುಬ್ಬಳ್ಳಿ-ಧಾರವಾಡದ ಪಾಠ

ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಹುಬ್ಬಳ್ಳಿ-ಧಾರವಾಡ. ಅಲ್ಲಿಗೆ ಮಲಪ್ರಭಾ ನದಿಯಿಂದಲೂ ನೀರಸಾಗರ ಕೆರೆಯಿಂದಲೂ ನೀರು ಬರುತ್ತಿತ್ತು. ನಡುವೆ ಹಲವು ದಿನಗಳ ಅಂತರ ಬಿಟ್ಟು ನೀರು ಕೊಡುವುದು ಅಲ್ಲಿನ ವಾಡಿಕೆಯಾಗಿತ್ತು. ವಿಶ್ವಬ್ಯಾಂಕ್ ನೆರವಿನ ಒಂದು ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ಕೊಳವೆಜಾಲವನ್ನು ಹೊಸದಾಗಿ ಹಾಕಿ, ಮನೆಗೆ ಮೀಟರ್ ಜೋಡಿಸಿ, 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಡತೊಡಗಿದರು. ಉಳಿದ ಬಡಾವಣೆಗಳಲ್ಲಿ ಹಳೆಯ ಕ್ರಮವೇ ಮುಂದುವರಿಯಿತು. ಒಂದೇ ಊರಿನಲ್ಲಿ ಎರಡು ಬಗೆಯ ನೀರು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ನಲ್ಲಿಗಳ ನೀರನ್ನು ತಿಂಗಳುಗಟ್ಟಲೆ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಬಿಟ್ಟು ಬಿಟ್ಟು ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಶೇಕಡಾ 31.7ರಲ್ಲಿ ಮಲದಿಂದ ಬರುವ ಇ. ಕೋಲಿ ಸಿಕ್ಕಿತು. ನಿರಂತರ ನೀರಿನ ನಲ್ಲಿಗಳಲ್ಲಿ ಶೇಕಡಾ 0.7 ಮಾತ್ರ. ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಮತ್ತು ಒತ್ತಡ ಕಡಿಮೆ ಇದ್ದಾಗ ಕೊಳಕು ಹೆಚ್ಚು ಎಂಬುದೂ ಅವರ ಮುಂದಿನ ಅಧ್ಯಯನದಲ್ಲಿ ಕಂಡಿತು.

2015ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಚಿಕ್ಕ ಮಕ್ಕಳಿರುವ ಸುಮಾರು 3,900 ಮನೆಗಳನ್ನು ಅದರಲ್ಲಿ ಗಮನಿಸಿದ್ದರು. ಒಟ್ಟಾರೆ ಮಕ್ಕಳ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಭೇದಿ ಕೈಯಿಂದ, ನೊಣದಿಂದ, ತಿಂಡಿಯಿಂದ, ತೆರೆದಿಟ್ಟ ಪಾತ್ರೆಯಿಂದಲೂ ಬರುತ್ತದೆ. ಆದರೆ ನಿರಂತರ ನೀರಿನ ಬಡಾವಣೆಗಳಲ್ಲಿ ಟೈಫಾಯ್ಡ್ ಬಂದ ಮನೆಗಳು ಕಡಿಮೆ ಇದ್ದವು. ಬಡವರ ಮನೆಗಳಲ್ಲಿ ಮಕ್ಕಳ ರಕ್ತಭೇದಿಯೂ ಕಡಿಮೆ ಕಂಡಿತು. ಫಿಲ್ಟರ್ ಕೊಳ್ಳಲು, ಕ್ಯಾನ್ ನೀರು ತರಿಸಲು ಕೈಲಾಗದವನಿಗೆ ಪೈಪ್ ಸರಿಯಾದರೆ ಹೆಚ್ಚು ಲಾಭ ಎಂದು ಇದರಿಂದ ನನಗೆ ಅನ್ನಿಸುತ್ತದೆ.

ನೀರು ಸರಬರಾಜನ್ನು ಕಂಪನಿಗಳ ಕೈಗೆ ಕೊಡುವುದು ಸರಿಯೇ, ಮೀಟರ್ ಬಿಲ್ ಬಡವರಿಗೆ ಹೊರೆಯಲ್ಲವೇ ಎಂಬ ಪ್ರಶ್ನೆಗಳಿವೆ. ಅವು ನ್ಯಾಯವಾದ ಪ್ರಶ್ನೆಗಳು, ಅದರ ಚರ್ಚೆ ಬೇರೆಯೇ ಆಗಬೇಕು. ನನ್ನ ಮಾತು ಅದಕ್ಕಿಂತ ಕೆಳಗಿನ, ಮಣ್ಣಿನ ಮಾತು. ಪೈಪನ್ನು ಯಾರೇ ಹಾಕಲಿ, ಅಗೆದು ನೋಡಿ ಹಾಕಲಿ.

ಪರೀಕ್ಷೆಯಲ್ಲಿ ಏನೇನು ನೋಡುತ್ತಾರೆ?

ಹಕೀಮರು ನಬ್ಝ್ ಹಿಡಿಯದೆ, ಮೂತ್ರದ ಬಣ್ಣ ಕೇಳದೆ ನುಸ್ಖಾ ಬರೆಯುವುದಿಲ್ಲ. ನೆಲದ ಪರೀಕ್ಷೆಯೂ ಹಾಗೆಯೇ ಹಲವು ಬಗೆಯದು.

ಮೊದಲನೆಯದು ನಕ್ಷೆ. ಹಳೆಯ ದಾಖಲೆಗಳಲ್ಲಿ ಪೈಪ್ ಒಂದು ಕಡೆ ಇರುತ್ತದೆ, ನೆಲದಡಿ ಇನ್ನೊಂದು ಕಡೆ ಇರುತ್ತದೆ. ಐವತ್ತು ವರ್ಷಗಳಲ್ಲಿ ಯಾರ್ಯಾರೋ ಕೂಡಿಸಿದ್ದು, ತಿರುಗಿಸಿದ್ದು ಯಾವ ಕಾಗದದಲ್ಲೂ ಇರುವುದಿಲ್ಲ. ಕಬ್ಬಿಣದ ಪೈಪನ್ನು ಯಂತ್ರದಿಂದ ಪತ್ತೆ ಮಾಡಬಹುದು. ಪ್ಲಾಸ್ಟಿಕ್ ಪೈಪನ್ನು ಆ ಯಂತ್ರ ಕಾಣುವುದಿಲ್ಲ. ನೆಲದೊಳಗೆ ರೇಡಿಯೊ ತರಂಗ ಕಳಿಸಿ ನೋಡುವ ಜಿಪಿಆರ್ ಎಂಬ ಯಂತ್ರವೂ ಇದೆ. ಆದರೆ ಒದ್ದೆಯಾದ ಜಿಗುಟು ಮಣ್ಣಿನಲ್ಲಿ ಅದರ ತರಂಗ ಆಳಕ್ಕೆ ಇಳಿಯುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣಿನ ಊರುಗಳಲ್ಲಿ ಯಂತ್ರವೊಂದನ್ನೇ ನಂಬಿದರೆ ಕೆಲಸ ಕೆಡುತ್ತದೆ.

ಆದ್ದರಿಂದ ಎರಡನೆಯದು, ಪರೀಕ್ಷಾ ಗುಂಡಿ. ಕೈಯಿಂದ ಜಾಗ್ರತೆಯಾಗಿ ಅಗೆದು ಕಣ್ಣಾರೆ ನೋಡುವುದು. ಪೈಪ್ ಎಷ್ಟು ಆಳದಲ್ಲಿದೆ, ಯಾವುದರಿಂದ ಮಾಡಿದ್ದು, ಒಳಚರಂಡಿ ಅದಕ್ಕೆ ಎಷ್ಟು ಹತ್ತಿರ, ಸುತ್ತಲಿನ ಮಣ್ಣು ಒಣಗಿದೆಯೋ ಕಪ್ಪಗೆ ನಾರುತ್ತಿದೆಯೋ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಹಳೆಯ ಪೈಪಿನ ಒಂದು ತುಂಡನ್ನು ಕತ್ತರಿಸಿ ಒಳಗೆ ನೋಡುವುದೂ ಉಂಟು. ಎರಕದ ಕಬ್ಬಿಣದ ಪೈಪಿನೊಳಗೆ ತುಕ್ಕಿನ ಗಂಟುಗಳು ಬೆಳೆದು ದಾರಿ ಕಿರಿದಾಗಿರುತ್ತದೆ.

ಮೂರನೆಯದು ಮಣ್ಣು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪ್ರತಿವರ್ಷ ಈ ಎಳೆತ ತಳ್ಳಾಟದಲ್ಲಿ ಪೈಪಿನ ಜೋಡಣೆಗಳು ಸಡಿಲವಾಗುತ್ತವೆ. ಉಪ್ಪಿನಂಶ ಹೆಚ್ಚಿರುವ ತೇವದ ಮಣ್ಣು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಅಂತಹ ಕಡೆ ಯಾವ ಪೈಪ್ ಬೇಕು, ಅದರ ಕೆಳಗೆ ಮರಳು ಅಥವಾ ಗರಸು ಎಷ್ಟು ಹಾಕಬೇಕು ಎಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳುತ್ತದೆ. ಅಂತರ್ಜಲ ಎಷ್ಟು ಮೇಲಿದೆ ಎಂಬುದನ್ನೂ ನೋಡುತ್ತಾರೆ.

ನಾಲ್ಕನೆಯದು ಒತ್ತಡ ಮತ್ತು ಸೋರಿಕೆ. ಪೈಪಿಗೆ ಮಾಪಕ ಹಚ್ಚಿ ಹಲವು ದಿನ ಒತ್ತಡ ದಾಖಲಿಸುತ್ತಾರೆ. ಊರು ಮಲಗಿದ ಮೇಲೆ ನೆಲಕ್ಕೆ ಕೋಲು ಹಚ್ಚಿ ಸೋರುವ ನೀರಿನ ಸದ್ದು ಆಲಿಸುತ್ತಾರೆ.

ಐದನೆಯದು ನೀರಿನ ಮಾದರಿ. ಮನೆ ನಲ್ಲಿಗೆ ಬರುವ ನೀರಿನಲ್ಲೂ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಇ. ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಮೇಲ್ತೊಟ್ಟಿಯ ಹತ್ತಿರ ಸರಿಯಾಗಿದ್ದ ಕ್ಲೋರಿನ್ ಯಾವುದೋ ಗಲ್ಲಿಯ ತಿರುವಿನಲ್ಲಿ ಥಟ್ಟನೆ ಇಲ್ಲವಾದರೆ, ಅಲ್ಲಿ ಹೊರಗಿನದೇನೋ ಒಳಗೆ ಸೇರುತ್ತಿದೆ ಎಂಬ ಅನುಮಾನ ಬರಬೇಕು.

ಆರನೆಯದು ಮನೆಮನೆ ಸಮೀಕ್ಷೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೂರು ಮೀಟರಿನ ನಿಯಮ, ಎರಡು ಮೀಟರಿನ ಗಲ್ಲಿ

ಕುಡಿಯುವ ನೀರಿನ ಪೈಪಿಗೂ ಒಳಚರಂಡಿ ಪೈಪಿಗೂ ನಡುವೆ 3 ಮೀಟರ್ ಅಂತರ ಇರಬೇಕೆಂದು ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಕೈಪಿಡಿ ಹೇಳುತ್ತದೆ. ಅಷ್ಟು ಜಾಗ ಸಿಗದಿದ್ದರೆ ಬೇರೆ ಕಂದಕ ತೋಡಿ, ನೀರಿನ ಪೈಪಿನ ತಳ ಒಳಚರಂಡಿಯ ನೆತ್ತಿಗಿಂತ ಕನಿಷ್ಠ ಅರ್ಧ ಮೀಟರ್ ಮೇಲಿರುವಂತೆ ಹಾಕಬೇಕು.

ಈಗ ನಿಮ್ಮ ಗಲ್ಲಿಯನ್ನು ಅಳೆದು ನೋಡಿ. ಹಳೆ ಪೇಟೆಗಳಲ್ಲಿ ಗಲ್ಲಿಯೇ ಎರಡು ಮೀಟರ್ ಇದ್ದರೆ ಹೆಚ್ಚು. ಎರಡೂ ಬದಿಗೆ ಗಟಾರ, ನಡುವೆ ಒಳಚರಂಡಿ, ಅದರ ಮೇಲೆ ಕರೆಂಟಿನ ಕೇಬಲ್. ಮೂರು ಮೀಟರ್ ಎಲ್ಲಿಂದ ತರುವುದು? ಇಂತಹ ಕಡೆ ನಿಯಮಪುಸ್ತಕ ತಾನಾಗಿ ಉತ್ತರ ಕೊಡುವುದಿಲ್ಲ. ಅಂಗುಲ ಅಂಗುಲ ಅಳೆದು, ಯಾವುದು ಮೇಲೆ ಯಾವುದು ಕೆಳಗೆ ಎಂದು ನೋಡಿ, ಜೋಡಣೆಯೇ ಇಲ್ಲದ ಉದ್ದನೆಯ ಪೈಪ್ ಹಾಕಬೇಕೋ, ಮೊದಲು ಒಳಚರಂಡಿಯನ್ನೇ ಸರಿಪಡಿಸಬೇಕೋ ಎಂದು ತೀರ್ಮಾನಿಸಬೇಕು. ಅಗಲವಾದ ಬಡಾವಣೆಯಲ್ಲಿ ಪರೀಕ್ಷೆ ಸ್ವಲ್ಪ ಸಡಿಲವಾದರೂ ನಡೆದೀತು. ಇಕ್ಕಟ್ಟಿನ ಗಲ್ಲಿಯಲ್ಲಿ ನಡೆಯದು.

ಆದರೆ ಆಗುವುದು ಇದಕ್ಕೆ ತಿರುಗಾಮುರುಗ. ಜೆಸಿಬಿ ಸುಲಭವಾಗಿ ಹೋಗುವ ಅಗಲ ರಸ್ತೆಯಲ್ಲಿ ನಾಲ್ಕು ಗುಂಡಿ ತೋಡುತ್ತಾರೆ. ಗಲ್ಲಿಯ ಬಾಯಲ್ಲಿ ನಿಂತು ಒಳಗೂ ಹೀಗೆಯೇ ಇದ್ದೀತು ಎಂದು ಬರೆದುಕೊಳ್ಳುತ್ತಾರೆ. ಅತಿ ಹೆಚ್ಚು ತನಿಖೆ ಬೇಕಾದ ಜಾಗಕ್ಕೆ ಅತಿ ಕಡಿಮೆ ತನಿಖೆ ಸಿಗುತ್ತದೆ. ಇದು ಮುಸ್ಲಿಮರ ಗಲ್ಲಿಗಳಿಗೆ ಮಾತ್ರ ಆಗುವ ಅನ್ಯಾಯವಲ್ಲ. ದಲಿತರ ಕೇರಿಗಳಿಗೂ ಬಡವರ ವಠಾರಗಳಿಗೂ ಹೀಗೆಯೇ ಆಗುತ್ತದೆ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ನೀವು ಓದಿದ್ದೀರಿ. ಸತ್ತ ಮೇಲೆ ನಡೆಯುವ ತನಿಖೆ ಮೊದಲೇ ನಡೆಯಲಿ ಎಂದು ಕೇಳುವುದು ಎಲ್ಲರ ಹಕ್ಕು.

ನಾವು ಬಾಗಿಲು ಮುಚ್ಚುವುದೇಕೆ?

ತಪ್ಪು ಅಧಿಕಾರಿಗಳದ್ದು ಮಾತ್ರ ಎಂದು ಹೇಳಿ ಮುಗಿಸಿದರೆ ನಿಮಗೆ ಅನ್ಯಾಯ ಮಾಡಿದಂತೆ. ನಮ್ಮ ಕಡೆಯೂ ಅಡ್ಡಿಗಳಿವೆ.

ಒಂದು, ಭಯ. ಎನ್‌ಆರ್‌ಸಿ ಮಾತು ಎದ್ದ ದಿನಗಳಿಂದ ಕಾಗದ ಹಿಡಿದು ಮನೆಗೆ ಬಂದವರನ್ನು ನಮ್ಮ ಮೊಹಲ್ಲಾಗಳು ಅನುಮಾನದಿಂದ ನೋಡುತ್ತಿವೆ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅದನ್ನು ನಗೆಯಾಡಬಾರದು. ಅದಕ್ಕೆ ಮದ್ದು, ಬಂದವರಿಂದ ಸರಿಯಾಗಿ ತಿಳಿದುಕೊಳ್ಳುವುದು. ಗುರುತಿನ ಚೀಟಿ ತೋರಿಸಿ ಎನ್ನಿ. ಯಾವ ಇಲಾಖೆ, ಯಾವ ಕೆಲಸ ಎಂದು ಕೇಳಿ. ವಾರ್ಡಿನ ಸದಸ್ಯರಿಗೆ ಅಥವಾ ಜಮಾಅತ್ ಕಮಿಟಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ನೀರಿನ ಸಮೀಕ್ಷೆಗೆ ಬೇಕಾಗುವುದು ಮನೆಯಲ್ಲಿ ಎಷ್ಟು ಜನ, ನಲ್ಲಿ ಎಷ್ಟು, ಸಂಪು ಎಷ್ಟು ದೊಡ್ಡದು, ನೀರು ಯಾವಾಗ ಬರುತ್ತದೆ, ಕನೆಕ್ಷನ್ ನಂಬರ್ ಯಾವುದು, ಪೈಪ್ ಎಲ್ಲಿಂದ ಬಂದಿದೆ ಎಂಬಷ್ಟೇ. ನಿಮ್ಮ ಧರ್ಮ, ತಂದೆ ತಾಯಿ ಹುಟ್ಟಿದ ಊರು ಇದಕ್ಕೆ ಬೇಕಿಲ್ಲ. ಅಂತಹ ಪ್ರಶ್ನೆ ಬಂದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಭಯದಿಂದ ನೀರಿನ ಪ್ರಶ್ನೆಗೂ ಉತ್ತರ ಕೊಡದಿದ್ದರೆ 'ಮನೆ ಬೀಗ, ಮಾಹಿತಿ ಇಲ್ಲ' ಎಂದು ಬರೆಯುತ್ತಾರೆ. ಆಗ ನಿಮ್ಮ ಮನೆ ನಕ್ಷೆಯಲ್ಲೇ ಇರುವುದಿಲ್ಲ.

ಎರಡು, ಅಕ್ರಮ ಸಂಪರ್ಕ. ಹಣ ಕಟ್ಟದೆ, ರಾತ್ರೋರಾತ್ರಿ ಪ್ಲಂಬರನ್ನು ಕರೆಸಿ ಹಾಕಿಸಿದ ನಲ್ಲಿಗಳು ಎಲ್ಲ ಊರಿನಲ್ಲೂ ಇವೆ. ಮುಚ್ಚಿಟ್ಟರೆ ದಂಡ ತಪ್ಪೀತು, ರೋಗ ತಪ್ಪದು. ಅವಸರದಲ್ಲಿ ಹಾಕಿದ ಆ ಜೋಡಣೆಯೇ ಗಟಾರದ ನೀರಿಗೆ ಬಾಗಿಲಾಗಿರುತ್ತದೆ. ಇನ್ನೊಬ್ಬರ ಮಕ್ಕಳ ಆರೋಗ್ಯದ ಹೊಣೆ ನಮ್ಮ ಮೇಲಿರುವಾಗ ಅದನ್ನು ಸಣ್ಣ ವಿಷಯ ಎನ್ನಲಾಗದು. ಸಕ್ರಮ ಮಾಡಿಕೊಡಿ ಎಂದು ಗಲ್ಲಿಯವರೆಲ್ಲ ಸೇರಿ ಬರೆದುಕೊಡುವುದೇ ಸರಿಯಾದ ದಾರಿ.

ಮೂರು, ಗುಂಡಿಯ ಸಿಟ್ಟು. ಅಗೆದು ಹೋದವರು ಮುಚ್ಚುವುದಿಲ್ಲ, ಮಕ್ಕಳು ಬೀಳುತ್ತಾರೆ, ಗಾಡಿ ಹೋಗುವುದಿಲ್ಲ ಎಂಬ ದೂರು ನಿಜ. ಅಗೆಯಬೇಡಿ ಎನ್ನುವ ಬದಲು ಯಾವ ದಿನ ಮುಚ್ಚುತ್ತೀರಿ, ಯಾರನ್ನು ಕೇಳಬೇಕು ಎಂದು ಬರೆಸಿಕೊಳ್ಳಿ.

ನಾಲ್ಕನೆಯದು ನಮ್ಮ ಮನೆಗಳಿಗೆ ವಿಶೇಷವಾದದ್ದು. ಸಮೀಕ್ಷೆಯವರು ಬರುವುದು ಮಧ್ಯಾಹ್ನ. ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ. 'ಮನೆಯಲ್ಲಿ ಯಾರೂ ಇಲ್ಲ' ಎಂಬ ಉತ್ತರ ಒಳಗಿನಿಂದಲೇ ಬರುತ್ತದೆ. ಸಹೋದರಿಯರೇ, ನೀರಿನ ಬಗ್ಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ನಿಮಗೆ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಮೊದಲ ಎಷ್ಟು ಬಿಂದಿಗೆ ಕಲಕಾಗಿರುತ್ತದೆ, ಯಾವ ತಿಂಗಳಲ್ಲಿ ವಾಸನೆ ಬರುತ್ತದೆ, ಪಕ್ಕದ ಮನೆಯಲ್ಲೂ ಹಾಗೆಯೇ ಇದೆಯೇ ಎಂಬುದು ಗಂಡಸರಿಗೆ ಗೊತ್ತಿರುವುದಿಲ್ಲ. ನಿಮ್ಮ ಈ ತಿಳಿವಳಿಕೆ ಯಾವ ಯಂತ್ರಕ್ಕೂ ಸಿಗದು. ಪರದೆಯ ಮರೆಯಿಂದಲೇ ಉತ್ತರಿಸಿ, ಅಥವಾ ಮಹಿಳಾ ಸಿಬ್ಬಂದಿಯನ್ನು ಕಳಿಸಿ ಎಂದು ಕೇಳಿ. ಉತ್ತರ ಮಾತ್ರ ಕೊಡಿ.

ವುಝೂ ನೀರಿನ ಮಾತು

'ನಾವು ಕುಡಿಯಲು ಕ್ಯಾನ್ ನೀರು ತರಿಸುತ್ತೇವೆ, ನಲ್ಲಿ ನೀರು ಬಳಕೆಗೆ ಮಾತ್ರ' ಎನ್ನುವವರಿದ್ದಾರೆ. ಆದರೆ ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರೇರಿಸುವುದು ಯಾವ ನೀರಿನಿಂದ? ಮಕ್ಕಳು ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು, ತಟ್ಟೆ ತೊಳೆಯುವುದು ಯಾವ ನೀರಿನಿಂದ? ವುಝೂ ಮಾಡುವ ಪುಟ್ಟ ಮಕ್ಕಳು ಎಷ್ಟೋ ಸಲ ಆ ನೀರನ್ನು ನುಂಗಿಯೂ ಬಿಡುತ್ತಾರೆ.

ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ನೋಡಿ ನೀರಿನ ಶುದ್ಧಿಯನ್ನು ತೀರ್ಮಾನಿಸುವ ಕ್ರಮವನ್ನು ನಾವು ಮದ್ರಸದಲ್ಲೇ ಕಲಿತಿದ್ದೇವೆ. ವುಝೂಗೆ ಯಾವ ನೀರು ಆಗುತ್ತದೆ ಎಂಬುದನ್ನು ಉಲಮಾಗಳು ಹೇಳಲಿ, ಅದು ನನ್ನ ಕ್ಷೇತ್ರವಲ್ಲ. ವೈದ್ಯನಾಗಿ ಹೇಳಬಹುದಾದದ್ದು ಇಷ್ಟು: ಟೈಫಾಯ್ಡಿನ, ಕಾಮಾಲೆಯ ರೋಗಾಣುಗಳು ಈ ಮೂರರಲ್ಲಿ ಯಾವುದನ್ನೂ ಬದಲಿಸದೆ ನೀರಿನಲ್ಲಿ ಇರಬಲ್ಲವು. ಕಣ್ಣಿಗೆ ತಿಳಿಯಾಗಿ ಕಂಡ ನೀರು ಹೊಟ್ಟೆಗೆ ಸುರಕ್ಷಿತ ಎಂದು ತಿಳಿಯಬೇಡಿ.

ಕಾಮಾಲೆಯ ಬಗ್ಗೆ ಒಂದು ಮಾತು ವಿಶೇಷವಾಗಿ. ನೀರಿನಿಂದ ಹರಡುವ ಹೆಪಟೈಟಿಸ್ ಇ ಸಾಮಾನ್ಯವಾಗಿ ತಾನಾಗಿ ಗುಣವಾಗುತ್ತದೆ. ಆದರೆ ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ 20ರಿಂದ 25 ಮಂದಿ ಸಾಯುವ ಸಾಧ್ಯತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಲ್ಲಿಯಲ್ಲಿ ನಾಲ್ಕೈದು ಜನರಿಗೆ ಒಟ್ಟಿಗೆ ಕಣ್ಣು ಹಳದಿಯಾದರೆ ಹಣೆಬರಹ ಎಂದು ಸುಮ್ಮನಿರಬೇಡಿ. ಅಂದೇ ಆರೋಗ್ಯ ಇಲಾಖೆಗೆ ತಿಳಿಸಿ, ನೀರಿನ ಮಾದರಿ ತೆಗೆಯಿಸಿ. ಗರ್ಭಿಣಿಯರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ, ಇಂತಹ ಹೊತ್ತಿನಲ್ಲಿ ಶರಬತ್ತು, ಕಷಾಯ ನಂಬಿ ಕಾಲ ಕಳೆಯಬಾರದು.

ಮೊಹಲ್ಲಾ ಮಾಡಬಹುದಾದದ್ದು

ನಿಮ್ಮ ಊರಿನಲ್ಲಿ ಪೈಪ್ ಬದಲಿಸುವ ಕೆಲಸ ಬರುವುದಿದ್ದರೆ ಜಮಾಅತ್ ಕಮಿಟಿಯವರೂ ಯುವಕರೂ ಸೇರಿ ಈ ಕೆಲಸಗಳನ್ನು ಮಾಡಬಹುದು.

1. ನಿವೃತ್ತ ವಾಲ್ವ್‌ಮನ್, ಹಳೆಯ ಪ್ಲಂಬರ್, ಗಲ್ಲಿಯ ಹಿರಿಯರನ್ನು ಒಂದು ಸಂಜೆ ಕೂರಿಸಿ, ಹಳೆಯ ಪೈಪ್, ವಾಲ್ವ್, ಮುಚ್ಚಿದ ಬಾವಿ, ಶೌಚದ ಗುಂಡಿ ಎಲ್ಲಿವೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಅವರು ತೀರಿಕೊಂಡರೆ ಆ ಮಾಹಿತಿಯೂ ಅವರೊಡನೆ ಹೋಗುತ್ತದೆ.

2. ಪ್ರತಿ ಗಲ್ಲಿಯಲ್ಲೂ ಕನಿಷ್ಠ ಒಂದು ಪರೀಕ್ಷಾ ಗುಂಡಿ ಬೇಕು ಎಂದು ಪಾಲಿಕೆಗೆ ಅಥವಾ ನಗರಸಭೆಗೆ ಬರೆದುಕೊಡಿ. ಸ್ವೀಕೃತಿ ಪಡೆಯಿರಿ.

3. ಮಸೀದಿಯ ನಲ್ಲಿಯಿಂದ ನೀರಿನ ಮಾದರಿ ತೆಗೆಯಲು, ಒತ್ತಡದ ಮಾಪಕ ಹಚ್ಚಲು ಒಪ್ಪಿಗೆ ಕೊಡಿ. ಗಲ್ಲಿಯ ಕೊನೆಯಲ್ಲಿರುವ ಮಸೀದಿಯಾದರೆ ಇನ್ನೂ ಒಳ್ಳೆಯದು. ಕೊನೆಯ ನಲ್ಲಿಯಲ್ಲೇ ದೋಷ ಮೊದಲು ಕಾಣುತ್ತದೆ. ಹೌಝಿನ ನೀರನ್ನೂ ಪರೀಕ್ಷಿಸಿ ಎನ್ನಿ.

4. ಖಬರಸ್ತಾನ, ದರ್ಗಾ, ವಕ್ಫ್ ಜಾಗದ ಗಡಿ ತೋರಿಸುವ ಕಾಗದಗಳನ್ನು ಮೊದಲೇ ಎಂಜಿನಿಯರರಿಗೆ ಕೊಡಿ. ಅಗೆಯುವಾಗ ಕಮಿಟಿಯ ಒಬ್ಬರು ಸ್ಥಳದಲ್ಲಿರಿ. ಜಗಳ ಹುಟ್ಟುವುದು ಮೊದಲೇ ಮಾತಾಡದಿದ್ದಾಗ.

5. ಪರೀಕ್ಷೆಯ ವರದಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ನಮ್ಮ ಗಲ್ಲಿಯ ಹೆಸರು ಅದರಲ್ಲಿ ಇದೆಯೇ, ಯಾವ ದಿನ ಅಗೆದರು, ಏನು ಕಂಡರು ಎಂದು ಓದಿ. ಓದಬಲ್ಲ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಈಗ ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ.

6. ಶುಕ್ರವಾರ ನಮಾಝಿನ ನಂತರ ಎರಡು ನಿಮಿಷ, ಸಮೀಕ್ಷೆಯವರು ಇಂಥ ದಿನ ಬರುತ್ತಾರೆ, ಉತ್ತರ ಕೊಡಿ ಎಂದು ಇಮಾಮರಿಂದ ಹೇಳಿಸಿ. ನೂರು ಕರಪತ್ರಕ್ಕಿಂತ ಆ ಎರಡು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ.

ಅಲ್ಲಿಯವರೆಗೆ

ಹೊಸ ಪೈಪ್ ಬರಲು ವರ್ಷಗಳೇ ಬೇಕಾದೀತು. ಅದುವರೆಗೆ ನೀರು ಬಿಟ್ಟ ಮೊದಲ ಹೊತ್ತಿನ ನೀರನ್ನು ಕುಡಿಯಲು ಹಿಡಿಯಬೇಡಿ, ಅಂಗಳ ತೊಳೆಯಲು ಬಳಸಿ. ನಲ್ಲಿಗೆ ನೇರ ಮೋಟಾರ್ ಹಚ್ಚಬೇಡಿ. ಕುಡಿಯುವ ನೀರು ಕೊತಕೊತ ಕುದಿಯಲಿ, ಆರಿದ ಮೇಲೆ ಮುಚ್ಚಿಡಿ, ಕೈ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆಯಿರಿ. ಚಿಕ್ಕ ಮಕ್ಕಳ ಬಾಯಿ ಮುಕ್ಕಳಿಸಲೂ ಅದನ್ನೇ ಕೊಡಿ. ಭೇದಿಯಾದರೆ ಓಆರ್‌ಎಸ್ ಕೊಡಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಸಮತಟ್ಟಾಗಿ ಅಳೆದು ಬೆರೆಸಿ ಕುಡಿಸಿ.

ಆದರೆ ಕುದಿಸುವುದು ಒಂದೊಂದು ಮನೆಗೆ ಮಾತ್ರ ಉಪಾಯ. ಗ್ಯಾಸ್ ಉಳಿಸಲು ಕುದಿಸದೆ ಕುಡಿಯುವ ಮನೆ ನಿಮ್ಮ ಪಕ್ಕದಲ್ಲೇ ಇರುತ್ತದೆ. ಅವರಿಗೆ ಮದ್ದು ನೆಲದಡಿ ಇದೆ. ಗುದ್ದಲಿ ಹಿಡಿದು ಪರೀಕ್ಷೆಗೆ ಬಂದವರಿಗೆ ಗಲ್ಲಿಯ ದಾರಿ ತೋರಿಸಿ, ಒಂದು ಲೋಟ ಚಹಾ ಕೊಡಿ, ಗೊತ್ತಿದ್ದದ್ದನ್ನು ಮುಚ್ಚಿಡದೆ ಹೇಳಿ. ಅವರು ಬರದಿದ್ದರೆ, ಏಕೆ ಬರಲಿಲ್ಲ ಎಂದು ಕೇಳಲು ಹತ್ತು ಜನ ಸೇರಿ ಹೋಗಿ.